ನಲವತ್ತಕ್ಕೆ ನಲವತ್ತು

ಲಲಿತಾ ಕೂತಲ್ಲಿ ಕೂರುವ ಹೆಂಗಸಲ್ಲ. ಅವತ್ತು ಹೊಸಪೇಟೆಯ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಮೂರು ತಾಸು ಕೂತಿದ್ದಳೆಂದರೆ, ಮಗಳ ತಲೆ ತೊಡೆಯ ಮೇಲಿತ್ತು ಅನ್ನುವ ಒಂದೇ ಕಾರಣಕ್ಕೆ. ಆರು ವರ್ಷದ ಸುಂಕಮ್ಮ, ಮನೆಯವರ ಬಾಯಲ್ಲಿ ಸುಂಕಿ, ಬೆಳಗಿನಿಂದ ನಾಲ್ಕು ಸಲ ಫಿಟ್ಸ್ ಬಂದು ಸುಸ್ತಾಗಿ ನಿದ್ದೆಹೋಗಿದ್ದಳು. ಮೇಲೆ ಮಗಳು ಅಲುಗದಂತೆ ಹಿಡಿದಿದ್ದರೂ ಲಲಿತಾಳ ಪಾದ ಮಾತ್ರ ಬೆಂಚಿನಡಿ ಹೊಲಿಗೆ ಮಷೀನು ತುಳಿದಂತೆ ಕುಣಿಯುತ್ತಲೇ ಇತ್ತು.

ಬೆಂಗಳೂರಿನ ಡಾಕ್ಟರುಗಳು ತಿಂಗಳಿಗೊಂದು ಭಾನುವಾರ ಇಲ್ಲಿಗೆ ಬರುತ್ತಿದ್ದರು. ಸುಂಕಿಯ ಮಿದುಳಿನ ಎಡಭಾಗದಲ್ಲಿ ಹುಟ್ಟಿನಿಂದಲೇ ಸರಿಯಾಗಿ ಬೆಳೆಯದ ಒಂದು ಸಣ್ಣ ಜಾಗ ಇದೆ, ಫಿಟ್ಸ್ ಏಳುವುದು ಅಲ್ಲಿಂದ, ಮೂರು ಥರದ ಔಷಧಿ ಕೊಟ್ಟರೂ ಬಗ್ಗುತ್ತಿಲ್ಲ, ಅದನ್ನು ತೆಗೆದರೆ ನಿಲ್ಲಬಹುದು ಎಂದು ಸ್ಕ್ಯಾನು ನೋಡಿ ಹೇಳಿದ್ದರು. ಆದರೆ ಆಪರೇಷನ್ ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಮೊದಲು ಮಗುವಿನ ಮಾತು ಎಷ್ಟಿದೆ ಎಂದು ಎರಡು ಸಲ ನೋಡಬೇಕಿತ್ತು. ಐದು ತಿಂಗಳ ಹಿಂದೆ ಒಂದು ಸಲ ಆಗಿತ್ತು. ಇವತ್ತು ಎರಡನೆಯದು.

ಮೊದಲನೆಯದನ್ನು ನೆನೆದರೆ ಲಲಿತಾಳಿಗೆ ಇವತ್ತಿಗೂ ಮುಖ ಬಿಸಿಯಾಗುತ್ತಿತ್ತು. ವಂದನಾ ಅನ್ನುವ ಮಾತಿನ ಡಾಕ್ಟರು ನಲವತ್ತು ಚಿತ್ರಗಳನ್ನು ಒಂದೊಂದಾಗಿ ಮುಂದಿಟ್ಟು ‘ಇದೇನು?’ ಎಂದು ಕೇಳಿದ್ದಳು. ಸುಂಕಿ ಹೇಳಿದ್ದು ಹನ್ನೊಂದು. ಮೂರು ವರ್ಷದವಳಿದ್ದಾಗ ಕಾಲೊನಿಯವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ, ಅಪ್ಪ ಬೀಡಿ ಸೇದಿದ್ದನ್ನು ಅಜ್ಜಿಗೆ ಚಾಡಿ ಹೇಳುತ್ತಿದ್ದ ಹುಡುಗಿ! ಫಿಟ್ಸ್ ಶುರುವಾದ ಮೇಲೆ, ಸಂತೆ ಮುಗಿದಾಗ ಜನ ಕರಗುವ ಹಾಗೆ, ಅವಳ ಮಾತು ಯಾವಾಗ ಯಾವ ದಿಕ್ಕಿಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

ಆ ಮೊದಲ ಸಲ ಸಾಲಿನಲ್ಲಿ ಪಕ್ಕ ಕೂತಿದ್ದವಳು ಕಂಪ್ಲಿಯ ಜಂಬವ್ವ. ಮೊಮ್ಮಗನನ್ನು ತೋರಿಸಲು ಬಂದಿದ್ದಳು. ಕವಳದ ಬಾಯನ್ನು ಲಲಿತಾಳ ಕಿವಿಯ ಹತ್ತಿರ ತಂದು ಹೇಳಿದಳು:

“ಬುದ್ಧಿ ಚುರುಕಿದ್ದ ಮಕ್ಳಿಗೆ ಅಷ್ಟ ಆಪರೇಷನ್ ಮಾಡ್ತಾರಂತ ನೋಡವ್ವ. ದಡ್ಡ ಕೂಸಿನ ತಲಿ ಬಿಚ್ಚಿ ಏನು ಸುಖ ಅಂತ, ಗುಳಿಗಿ ಕೊಟ್ಟು ಕಳಸ್ತಾರ.”

“ಯಾರು ಹೇಳಿದ್ರು ಬೇ ಹಂಗ?”

“ಯಾರು ಹೇಳಬೇಕು? ಯಾವ ಸ್ಕೀಮಿನಾಗ ದಡ್ಡರನ್ನ ಆರಿಸ್ಯಾರ ಇವರು?”

ಲಲಿತಾಳಿಗೆ ಈ ಮಾತು ಸರಿಯಾಗಿ ನಾಟಿತು. ಯಾಕೆಂದರೆ ಅವಳು ಯಶವಂತನಗರದಲ್ಲಿ ಅಂಗನವಾಡಿ ಟೀಚರು. ಹನ್ನೊಂದು ವರ್ಷದ ಕೆಲಸದಲ್ಲಿ ಅವಳು ಪಕ್ಕಾ ಕಲಿತ ವಿದ್ಯೆ ಒಂದೇ: ಮೇಲಿನವರು ನೋಡಲು ಬಂದಾಗ ಮಕ್ಕಳು ತಪ್ಪಬಾರದು. ಸಂಡೂರಿನಿಂದ ಸೂಪರ್‌ವೈಸರ್ ಮೇಡಂ ಹೊರಟರೆಂದರೆ ಎರಡು ದಿನ ಮೊದಲೇ ಸುದ್ದಿ ಸಿಗುತ್ತಿತ್ತು. ಬಾಯಿ ಇದ್ದ ಮಕ್ಕಳು ಮುಂದಿನ ಸಾಲಿಗೆ, ಇಲ್ಲದವರು ಚೆಂಡು ಹಿಡಿದು ಹಿಂದಿನ ಸಾಲಿಗೆ. ಲಲಿತಾ ಮೇಡಂ ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಮೇಡಂ ಚಾರ್ಟಿನ ಮೇಲೆ ಕೋಲಿಟ್ಟರೆ ಲಲಿತಾಳ ತುಟಿ ಶಬ್ದವಿಲ್ಲದೆ ಅಲುಗುತ್ತಿತ್ತು, ಮಕ್ಕಳು ಆ ತುಟಿ ನೋಡಿ ‘ಆನೆ’ ಎಂದು ಒಕ್ಕೊರಲಿನಿಂದ ಕೂಗುತ್ತಿದ್ದವು. ಇದನ್ನು ಮೋಸ ಅಂತ ಯಾರೂ ಅಂದುಕೊಂಡಿರಲಿಲ್ಲ. ಮೇಡಂ ಕೂಡ ಅಂದುಕೊಂಡಿರಲಿಲ್ಲ, ಅವರನ್ನು ನೋಡಲು ಬರುವ ಮೇಲಿನವರು ಬೇರೆ ಇದ್ದರು.

ಹೀಗಾಗಿ ನಲವತ್ತು ಚಿತ್ರ ಯಾವುವು, ಯಾವುದರ ಹಿಂದೆ ಯಾವುದು ಬರುತ್ತದೆ ಅನ್ನುವುದು ಒಂದೇ ಸಲಕ್ಕೆ ಅವಳ ತಲೆಯಲ್ಲಿ ಅಚ್ಚಾಗಿತ್ತು. ಹಳೆಯ ಚಾರ್ಟುಗಳನ್ನು ಕತ್ತರಿಸಿ ಮಿಠಾಯಿ ಡಬ್ಬಿಯ ರಟ್ಟಿಗೆ ಅಂಟಿಸಿದಳು. ಐದು ತಿಂಗಳು, ಎದ್ದರೆ ಚಿತ್ರ, ಕೂತರೆ ಚಿತ್ರ.

“ಏ ಲಲಿತಾ, ಕೂಸನ್ನ ಉಣ್ಣಾಕರ ಬಿಡ,” ಅನ್ನುತ್ತಿದ್ದಳು ಅತ್ತೆ ಭರಮಮ್ಮ. “ಒಂದು ತುತ್ತಿಗೊಂದು ಹಡಗು ಅಂತೀಯಲ್ಲ, ನಮ್ಮ ಹಳ್ಳದಾಗ ಯಾವ ಹಡಗು ಬರತೈತಿ?”

“ನಿಮಗ ತಿಳಿಯಂಗಿಲ್ಲ ಬಿಡ್ರಿ ಅತ್ತಿ. ಅವರ ಪಟ್ಟಿಯಾಗ ಹಡಗೈತಿ.”

“ನಿನ್ನ ಗಂಡ ಅಗಿಯೋ ಮಣ್ಣು ಹಡಗಿನ್ಯಾಗ ಚೀನಾಕ್ಕ ಹೊಕ್ಕೈತಂತ. ಅವನ್ನೂ ಅದರಾಗ ಕುಂದರ್ಸಿ ಕಳಸು, ಮನ್ಯಾಗಂತೂ ಕಾಣಂಗಿಲ್ಲ.”

ಗಂಡ ಕನಕರಾಜ್ ಗಣಿಯಲ್ಲಿ ಹಿಟಾಚಿ ಓಡಿಸುತ್ತಿದ್ದ. ಚೀನಾದವರಿಗೆ ಎಷ್ಟು ಅದಿರು ಕಳಿಸಿದರೂ ಸಾಲದಾದ ಕಾಲ ಅದು. ಗುಡ್ಡದ ಮೇಲೆ ಶಿಫ್ಟು ಮುಗಿಯುತ್ತಲೇ ಇರಲಿಲ್ಲ. ಅವನು ಬರುತ್ತಿದ್ದದ್ದು ಕೆಂಪು ಧೂಳಿನ ಜೊತೆ, ಬಂದರೆ ಕೇಳುತ್ತಿದ್ದದ್ದು ಒಂದೇ ಮಾತು: “ಪಾಸಾಕ್ಕಾಳೇನ?”

“ಆಕ್ಕಾಳ,” ಅನ್ನುತ್ತಿದ್ದಳು ಲಲಿತಾ.

ಆದಳು. ಮಧ್ಯಾಹ್ನ ಹನ್ನೆರಡಕ್ಕೆ ಕರೆದಾಗ ಕರೆಂಟು ಹೋಗಿ ಫ್ಯಾನು ನಿಂತಿತ್ತು. ವಂದನಾ ಆಗಲೇ ಹನ್ನೊಂದು ಮಕ್ಕಳನ್ನು ನೋಡಿ ಬೆವೆತಿದ್ದಳು. ಅವಳೂ ಹೊಸಪೇಟೆಯ ಹುಡುಗಿಯೇ, ಮಠದ ಓಣಿಯ ಆಚಾರರ ಮನೆಯವಳು. ಕೆಲಸ ಬೆಂಗಳೂರಿನ ಆಸ್ಪತ್ರೆಯಲ್ಲಿ. ಲಲಿತಾ ಮಗಳನ್ನು ಕುರ್ಚಿಯ ಮೇಲೆ ಕೂರಿಸಿ, ಯಾರೂ ಹೇಳದೆಯೇ ಹೋಗಿ ವಂದನಾಳ ಬೆನ್ನ ಹಿಂದೆ ನಿಂತಳು. ಹಡಗು, ಕೊಡ, ಆನೆ, ಕತ್ತರಿ, ಬಾಳೆಹಣ್ಣು. ಸುಂಕಿಯ ಕಣ್ಣು ಚಿತ್ರದ ಮೇಲೊಮ್ಮೆ, ಅವ್ವನ ತುಟಿಯ ಮೇಲೊಮ್ಮೆ. ನಲವತ್ತಕ್ಕೆ ನಲವತ್ತು.

“ಭಾಳ ಛಲೋ!” ಎಂದು ವಂದನಾ ಚಪ್ಪಾಳೆ ತಟ್ಟಿದಳು. ಆಮೇಲೆ ಹಾಳೆ ತಿರುವಿ, “ತಾನಾಗೇ ಮಾತಾಡ್ತಾಳೇನ್ರಿ ಮನ್ಯಾಗ? ಏನರ ಬೇಕಂತ ಕೇಳೋದು, ಜಗಳ ಆಡೋದು?” ಎಂದಳು.

“ಬಾಯಿ ಮುಚ್ಚಂಗಿಲ್ರಿ ಮೇಡಂ. ಹೊಸಬರ ಮುಂದ ಅಷ್ಟ ನಾಚಿಗಿ.”

ವಂದನಾ ಮಗುವನ್ನು ಎರಡು ಪ್ರಶ್ನೆ ಕೇಳಿ ನೋಡಿದಳು. ಸುಂಕಿ ಸುಮ್ಮನಿದ್ದಳು. ಹೊರಗೆ ಇನ್ನೂ ಒಂಬತ್ತು ಮಕ್ಕಳು ಅಳುತ್ತಿದ್ದವು. ‘ನಾಚಿಕೆ ಸ್ವಭಾವ, ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ’ ಎಂದು ಬರೆದುಕೊಂಡಳು.

ಒಂದು ಗಂಟೆಗೆ ದೊಡ್ಡ ಡಾಕ್ಟರು ಒಳಗೆ ಕರೆದರು. ಬೆಂಗಳೂರಿನವರು, ಮೆತ್ತಗೆ ಮಾತಾಡುವವರು.

“ಒಳ್ಳೆ ಸುದ್ದಿ ಅಮ್ಮಾ. ಮಾತು ತುಂಬಾ ಚೆನ್ನಾಗಿ ಬರ್ತಾ ಇದೆ. ಫಿಟ್ಸ್ ಏಳೋ ಜಾಗ ಮಾತಿನ ಜಾಗದ ಪಕ್ಕದಲ್ಲೇ ಇದೆ. ಮಾತು ಕಳ್ಕೊಳ್ತಾ ಇದ್ದಿದ್ರೆ ನಾನೇ ಬೇಗ ಆಪರೇಷನ್ ಮಾಡೋಣ ಅಂತಿದ್ದೆ, ಚಿಕ್ಕ ವಯಸ್ಸಲ್ಲಿ ತಲೆಯ ಇನ್ನೊಂದು ಭಾಗ ಆ ಕೆಲಸ ಕಲ್ತುಕೊಳ್ಳುತ್ತೆ. ಆದರೆ ಬೆಳೀತಾ ಇರೋ ಮಾತಿನ ಪಕ್ಕ ಈಗ ಕೈ ಹಾಕೋದು ಬೇಡ. ಇನ್ನೊಂದು ಔಷಧಿ ಸೇರಿಸ್ತೀನಿ. ಒಂದು ವರ್ಷ ನೋಡೋಣ.”

ಲಲಿತಾ ತಲೆಯಾಡಿಸಿದಳು. ‘ತುಂಬಾ ಚೆನ್ನಾಗಿ’ ಅನ್ನುವುದಷ್ಟೇ ಅವಳ ಒಳಗೆ ಹೋಗಿತ್ತು. ಫೈಲನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು, ಸಂಡೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದಾಗಲೂ ಅವಳು ಗೆದ್ದವಳೇ ಆಗಿದ್ದಳು.

ಬಸ್ಸು ಸಂಕ್ಲಾಪುರ ದಾಟಿ ನಿಂತಿತು. ಮುಂದೆ ಅದಿರು ಲಾರಿಗಳ ಸಾಲು. ಎದುರಿಗೆ ತುಂಬಿದವು, ಈ ಕಡೆ ಖಾಲಿ, ನಡುವೆ ಆಕ್ಸಲ್ ಮುರಿದು ಅಡ್ಡ ಮಲಗಿದ್ದೊಂದು. ಡ್ರೈವರು ಎಂಜಿನ್ ಆರಿಸಿದ. “ಇಳಿದು ಚಾ ಕುಡೀರಿ, ಬೇಕಿದ್ರ ಜಳಕಾನೂ ಮಾಡ್ರಿ,” ಎಂದ ಕಂಡಕ್ಟರು. ನಿಂತ ಬಸ್ಸಿನಲ್ಲಿ ಲಲಿತಾಳ ಪಾದ ಮತ್ತೆ ಕುಣಿಯತೊಡಗಿತು. ಮಾಡಲು ಏನೂ ಇಲ್ಲದೆ ಹೋದಾಗ ಡಾಕ್ಟರ ಉಳಿದ ಮಾತುಗಳು ಒಂದೊಂದಾಗಿ ನೆನಪಿಗೆ ಬರತೊಡಗಿದವು. ಆಪರೇಷನ್ ಬೇಡ ಅಂದರಲ್ಲ? ಚುರುಕಿದ್ದರೆ ಮಾಡುತ್ತಾರೆ ಎಂದಲ್ಲವೇ ಜಂಬವ್ವ ಅಂದದ್ದು?

ಅಷ್ಟರಲ್ಲಿ ಸುಂಕಿಯ ಬಲಗೈ ಸೆಟೆಯಿತು. ಕಣ್ಣುಗಳು ಒಂದು ಕಡೆಗೆ ಎಳೆದುಕೊಂಡವು. ಲಲಿತಾ ಅವಳನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಳು. ಹಿಂದಿನ ಸೀಟಿನಿಂದ ಯಾರೋ ಕಬ್ಬಿಣ ಕೊಡಿ ಅಂದರು, ಇನ್ಯಾರೋ ಈರುಳ್ಳಿ ಅಂದರು. “ಏನೂ ಬ್ಯಾಡ, ಗಾಳಿ ಬಿಡ್ರಿ,” ಎಂದಳು. ಒಂದು ನಿಮಿಷ, ಅಷ್ಟೇ. ಆದರೆ ಆ ಒಂದು ನಿಮಿಷ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಫಿಟ್ಸ್ ಬಿಟ್ಟ ಮೇಲೆ ಸುಂಕಿಗೆ ಬಾಯಾರುತ್ತಿತ್ತು. ಎಂದಿನಂತೆ ಅವ್ವನ ಸೆರಗು ಜಗ್ಗಿದಳು. ಲಲಿತಾ ಎಂದಿನಂತೆ ಬಾಟಲಿ ತೆಗೆದಳು. ಕೊಡಲು ಹೋದ ಕೈ ಯಾಕೋ ನಿಂತಿತು.

“ಏನು ಬೇಕು? ಹೇಳವ್ವ.”

ಸುಂಕಿ ಬಾಟಲಿ ನೋಡಲಿಲ್ಲ. ಅವ್ವನ ತುಟಿ ನೋಡಿದಳು. ಲಲಿತಾ ತುಟಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದಳು. ಸುಂಕಿ ಕಾದಳು, ಮತ್ತೆ ಸೆರಗು ಜಗ್ಗಿದಳು. ಆಮೇಲೆ, ಒಣಗಿದ ನಾಲಿಗೆಯಿಂದ, ಅವ್ವನನ್ನು ಖುಷಿಪಡಿಸುವ ಕೆಲಸ ಶುರುಮಾಡಿದಳು:

“ಹಡಗು. ಕೊಡ. ಆನೆ. ಕತ್ತರಿ. ಬಾಳೆಹಣ್ಣು…”

ನಲವತ್ತನೆಯದರ ತನಕ ಹೋಗುತ್ತಿದ್ದಳೋ ಏನೋ. ಲಲಿತಾ ಬಾಟಲಿಯನ್ನು ಅವಳ ಬಾಯಿಗಿಟ್ಟಳು. ಕುಡಿದು ಮುಗಿಸುವವರೆಗೂ ಕಾಯಲಿಲ್ಲ. ಮಗಳನ್ನು ಸೊಂಟಕ್ಕೇರಿಸಿ, ಚೀಲ ಹೆಗಲಿಗೆ ಹಾಕಿ, ಜನರ ಮೊಣಕಾಲು ತುಳಿಯುತ್ತ ಇಳಿದೇಬಿಟ್ಟಳು.

“ಅಕ್ಕಾ, ಸಂಡೂರು ಆ ಕಡಿಗೆ!” ಎಂದು ಕಂಡಕ್ಟರು ಕೂಗಿದ.

ಲಾರಿಗಳ ನಡುವಿನ ಸಂದಿಯಲ್ಲಿ ಅವಳು ಹೊಸಪೇಟೆಯ ಕಡೆ ನಡೆದಳು. ನಡೆಯುತ್ತಿದ್ದಳೋ ಓಡುತ್ತಿದ್ದಳೋ. ಡಾಕ್ಟರುಗಳು ಮೂರಕ್ಕೆ ಕಾರು ಹತ್ತಿಬಿಡುತ್ತಾರೆ. ಒಂದು ವರ್ಷ. ದಿನಕ್ಕೆ ಹತ್ತರಂತೆ ಒಂದು ವರ್ಷಕ್ಕೆ ಎಷ್ಟು ಎಂದು ತಲೆ ಲೆಕ್ಕ ಹಾಕಲು ಹೊರಟಿತು, ಅವಳು ಬಿಡಲಿಲ್ಲ. ಹಾಲಿನ ಕ್ಯಾನು ಕಟ್ಟಿದ ಟಿವಿಎಸ್ಸಿನ ಮೇಲೆ ಒಬ್ಬ ಮುದುಕ ಲಾರಿಗಳ ನಡುವೆ ನುಸುಳುತ್ತ ಅದೇ ದಿಕ್ಕಿಗೆ ಬಂದ. ಕೊಟ್ರಯ್ಯ, ಕಾಲೊನಿಗೆ ಹಾಲು ಹಾಕುವವನು.

“ಏನವ್ವ ಟೀಚರಮ್ಮ, ಬಸ್ಸು ಬಿಟ್ಟು ಹಿಂದಕ್ಕ ಹೊಂಟೀಯಲ್ಲ? ಗಂಡನ ಜೋಡಿ ಜಗಳೇನು?”

“ನನ್ನ ಜೋಡಿನ ಜಗಳ ಐತಿ ಯಜ್ಜಾ. ಹತ್ತಿಸ್ಕೋ, ಜಲ್ದಿ.”

“ಕ್ಯಾನು ಐತಲ್ಲ, ಎಲ್ಲಿ ಕುಂದರ್ತಿ?”

“ಕ್ಯಾನಿನ ಮ್ಯಾಲೆ.”

“ಬೇಷ್,” ಎಂದ ಕೊಟ್ರಯ್ಯ. “ಇಷ್ಟು ದಿನ ಹಾಲಿಗೆ ನೀರು ಬೆರಸೀನಿ ಅಂತಿದ್ರಿ, ಇವತ್ತು ಟೀಚರನ್ನ ಬೆರಸ್ತೀನಿ.”

ನರ್ಸಿಂಗ್ ಹೋಮು ಮುಟ್ಟಿದಾಗ ಎರಡೂ ಇಪ್ಪತ್ತು. ದೊಡ್ಡ ಡಾಕ್ಟರು ಊಟಕ್ಕೆ ಹೋಗಿದ್ದರು. ವಂದನಾ ಚಿತ್ರಗಳನ್ನು ರಬ್ಬರ್ ಬ್ಯಾಂಡು ಹಾಕಿ ಬ್ಯಾಗಿಗೆ ತುಂಬುತ್ತಿದ್ದಳು. ಬಾಗಿಲಲ್ಲಿ ಮೈಯೆಲ್ಲ ಕೆಂಪಾಗಿ ನಿಂತಿದ್ದ ತಾಯಿ ಮಗಳನ್ನು ನೋಡಿ ಅವಳಿಗೆ ಮೊದಲು ಗುರುತೇ ಹತ್ತಲಿಲ್ಲ.

“ನಾ ಹೇಳಿಕೊಟ್ಟಿದ್ದೆ ಮೇಡಂ,” ಎಂದಳು ಲಲಿತಾ.

“ಏನು?”

“ನಲವತ್ತನ್ನೂ. ಐದು ತಿಂಗಳು ಉರು ಹೊಡಿಸೀನಿ. ನಿಮ್ಮ ಹಿಂದ ನಿಂತು ತುಟಿ ಆಡಿಸೀನಿ. ಮನ್ಯಾಗ ಮಾತಾಡ್ತಾಳ ಅಂದಿದ್ದೂ ಸುಳ್ಳು. ಆಕಿಗೆ ನೀರು ಕೇಳಾಕೂ ಬರಂಗಿಲ್ಲ.”

ವಂದನಾ ಕುರ್ಚಿಯ ಮೇಲೆ ಕೂತಳು. ತುಂಬುತ್ತಿದ್ದ ಬ್ಯಾಗನ್ನು ಪಕ್ಕಕ್ಕಿಟ್ಟಳು.

“ಯಾಕ್ರೀ?”

“ಶಾಣ್ಯಾರಿಗೆ ಅಷ್ಟ ಆಪರೇಷನ್ ಅಂದ್ರು. ನಮ್ಮ ಇನ್‌ಸ್ಪೆಕ್ಷನ್ನಿನಾಗ…”

“ಇದು ಇನ್‌ಸ್ಪೆಕ್ಷನ್ ಅಲ್ರೀ!” ವಂದನಾ ಒಮ್ಮೆಲೇ ದನಿಯೇರಿಸಿದಳು. “ಒಂದು ವರ್ಷ ಕಳೀತಿದ್ರಿ ನಿಮ್ಮ ಕೈಯಾರೆ. ಆಕಿ ತಲಿಯಾಗ ಮಾತು ಇನ್ನೊಂದು ಕಡಿಗೆ ಮನಿ ಮಾಡಬೇಕಂದ್ರ ಇದ ವಯಸ್ಸು. ಎಂಟು, ಒಂಬತ್ತು ಆದ್ರ ಅದೂ ಕಷ್ಟ. ತಿಳೀತೇನ್ರಿ?” ಆಮೇಲೆ ಕೈಯಿಂದ ಮುಖ ಒರೆಸಿಕೊಂಡಳು. “ನಂದೂ ತಪ್ಪದ. ನಿಮ್ಮನ್ನ ನಾನು ಹಿಂದ ನಿಂದ್ರಾಕ ಬಿಡಬಾರದಿತ್ತು. ಹೊರಗ ಹೋಗ್ರಿ. ಕೂಸು ಇಲ್ಲಿರಲಿ.”

ಲಲಿತಾ ಹೊರಗೆ ನಿಂತಳು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಬೆರಳಷ್ಟು ಸಂದಿ. ವಂದನಾ ಚಿತ್ರಗಳನ್ನು ತೆಗೆಯಲಿಲ್ಲ. ನೆಲದ ಮೇಲೆ ಕೂತು, ಪಾರದರ್ಶಕ ಡಬ್ಬಿಯೊಂದರಲ್ಲಿ ಕೀಲಿ ಕೊಟ್ಟರೆ ಕುಪ್ಪಳಿಸುವ ಕಪ್ಪೆಯನ್ನು ಹಾಕಿ, ಮುಚ್ಚಳ ಬಿಗಿದು, ಸುಂಕಿಯ ಕೈಗೆ ಕೊಟ್ಟು ಸುಮ್ಮನಾದಳು. ತೆಗೆದುಕೊಡು ಅಂತಲೋ, ಬೇಕು ಅಂತಲೋ, ಕಪ್ಪೆ ಅಂತಲೋ ಮಗು ಏನಾದರೂ ಕೇಳಬೇಕು.

ಸುಂಕಿ ಮುಚ್ಚಳ ತಿರುವಿದಳು, ಕಚ್ಚಿದಳು, ಡಬ್ಬಿಯನ್ನು ವಂದನಾಳ ತೊಡೆಯ ಮೇಲಿಟ್ಟು ಬಡಿದಳು. ಬಾಗಿಲ ಕಡೆ ತಿರುಗಿ ಅವ್ವನ ಮುಖ ಹುಡುಕಿದಳು. ಲಲಿತಾ ಗೋಡೆಗೆ ಸರಿದಳು. ಆಗ ಅವಳಿಗೆ ತನ್ನ ಮನಸ್ಸಿನಲ್ಲಿ ನಡೆಯುತ್ತಿದ್ದದ್ದು ಕೇಳಿಸಿತು: ಮಾತಾಡಬ್ಯಾಡ. ಜಂಬುನಾಥಾ, ಇವತ್ತೊಂದು ದಿನ ಆಕಿ ಮಾತಾಡದಂಗ ನೋಡ್ಕೋ. ಮೂರು ವರ್ಷದಿಂದ ಮಗಳ ಬಾಯಿಂದ ಒಂದು ಮಾತು ಬೀಳಲೆಂದು ಹರಕೆ ಹೊತ್ತ ತಾಯಿ, ಈಗ ಅದೇ ದೇವರಿಗೆ ಇದನ್ನು ಕೇಳುತ್ತಿದ್ದಳು. ಒಳಗೆ ಸುಂಕಿ ಬಾಯಿ ತೆರೆದಳು. ಗಂಟಲಲ್ಲಿ ಏನೋ ಕದಲಿತು. ಲಲಿತಾ ಕಣ್ಣು ಮುಚ್ಚಿದಳು. ಡಬ್ಬಿ ಗೋಡೆಗೆ ಬಡಿದ ಸದ್ದಾಯಿತು, ಆಮೇಲೆ ಮಗು ಅಳುವ ಸದ್ದು.

ಅರ್ಧ ತಾಸಿನ ನಂತರ ವಂದನಾ ಹೊರಗೆ ಬಂದಳು. ಸಿಟ್ಟು ಇಳಿದಿತ್ತು.

“ತಾನಾಗಿ ಬಂದಿದ್ದು ಎರಡು ಮಾತು. ಅವ್ವಾ, ಮತ್ತ ಬ್ಯಾಡ. ಐದು ತಿಂಗಳ ಹಿಂದ, ಚಿತ್ರದ್ದು ಬಿಟ್ಟು, ತಾನಾಗಿ ಆಡಿದ್ದು ಹದಿನಾಲ್ಕು ಬರಕೊಂಡಿದ್ದೆ. ಕಳಕೊಳ್ಳಾಕತ್ಯಾಳ. ನಾನು ಸರ್‌ಗೆ ಹೇಳ್ತೀನಿ, ಮಂಗಳವಾರ ಮೀಟಿಂಗ್ ಅದ, ಅಲ್ಲಿ ಮತ್ತ ಇಡ್ತೀನಿ. ಬಹುಶಃ ಆಪರೇಷನ್ ಅಂತಾರ. ಆದ್ರ ಕೇಳ್ರಿ. ಆದ ಮ್ಯಾಲೆ ಈ ಎರಡೂ ಹೋಗಬಹುದು. ತಿಂಗಳಾನುಗಟ್ಲೆ. ವಾಪಸ್ ಬರ್ತಾವ ಅಂತ ನಂಬೀನಿ, ಬರದು ಕೊಡಾಕ ಆಗಂಗಿಲ್ಲ.”

“ನಾ ಏನು ಕಲಿಸಲ್ರಿ ಅಲ್ಲಿ ತನಕ?”

“ಏನೂ ಕಲಿಸಬ್ಯಾಡ್ರಿ. ‘ಇದೇನು’ ಅಂತ ಒಂದ ಒಂದು ಸಲಾನೂ ಕೇಳಬ್ಯಾಡ್ರಿ. ನೀವು ಮಾಡೋ ಕೆಲಸ ಏನದ ಅದನ್ನ ಹೇಳ್ಕೋತ ಇರ್ರಿ. ಆಕಿ ಬಂದಾಗ ಬರ್ತಾಳ.”

ಆಪರೇಷನ್ ಶ್ರಾವಣದಲ್ಲಿ ಆಯಿತು. ಕನಕರಾಜ್ ಹದಿನೈದು ದಿನ ರಜೆ ಹಾಕಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಹಿಟಾಚಿ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಓಡಾಡಿದ. ಫಿಟ್ಸ್ ನಿಂತಿತು. ಮೊದಲ ವಾರ ಅವರು ನಂಬಲಿಲ್ಲ, ಎರಡನೆಯ ವಾರ ಹೆದರಿಕೊಂಡು ನಂಬಿದರು. ಮಾತೂ ನಿಂತಿತು. ಅವ್ವಾ ಇಲ್ಲ, ಬ್ಯಾಡ ಇಲ್ಲ. ಯಶವಂತನಗರಕ್ಕೆ ಬಂದ ಮೇಲೆ ಸುಂಕಿ ತಲೆಗೆ ಅಜ್ಜಿಯ ಬಿಳಿ ವಸ್ತ್ರ ಕಟ್ಟಿಕೊಂಡು ಅಂಗಳದಲ್ಲಿ ಕೂತು, ಮುಟ್ಟಿದ್ದನ್ನೆಲ್ಲ ಕೆಂಪು ಮಾಡುವ ಧೂಳಿನಲ್ಲಿ ಬೆರಳಾಡಿಸುತ್ತ, ಹೋಗುವ ಬರುವ ಟಿಪ್ಪರುಗಳನ್ನು ನೋಡುತ್ತಿದ್ದಳು.

ಲಲಿತಾ ಮಾತಾಡಿದಳು. ಕೇಳಬೇಡ ಎಂದಿದ್ದರು, ಮಾತಾಡು ಎಂದಿದ್ದರು, ಅವಳು ಮಾತಾಡಿದಳು. ಜೋಳ ಹಸನು ಮಾಡಾಕತ್ತೀನಿ, ಇಗಾ ಕಲ್ಲು, ಇಗಾ ಕಾಳು, ಕಲ್ಲು ಒಗದೆ. ಮುಸುರಿ ತಿಕ್ಕತೀನಿ. ಒಲಿ ಹಚ್ಚಿದೆ, ಹೊಗಿ ಬಂತು. ‘ಇದೇನು’ ಅನ್ನುವುದು ದಿನಕ್ಕೆ ನೂರು ಸಲ ನಾಲಿಗೆಯ ತುದಿಗೆ ಬಂದು, ಅವಳು ನೂರು ಸಲ ಅದನ್ನು ನುಂಗಿದಳು. ಅಂಗನವಾಡಿಯಲ್ಲೂ ಕೋಲು ಹಿಡಿದು ಚಾರ್ಟಿನ ಮುಂದೆ ನಿಂತರೆ ಕೈ ಮೇಲೇಳದೆ ಹೋಯಿತು. ಸೂಪರ್‌ವೈಸರ್ ಮೇಡಂ ಬಂದ ದಿನ ಅವರ ಹಿಂದೆ ನಿಲ್ಲದೆ ಬಾಗಿಲಾಚೆ ಹೋಗಿ ನಿಂತಳು. ಮಕ್ಕಳು ಹನ್ನೆರಡರಲ್ಲಿ ಐದು ಹೇಳಿದವು. ನೋಟೀಸು ಬಂತು. ಅದನ್ನು ಅವಳು ಗೋಡೆಯ ಮೊಳೆಗೆ ಸಿಗಿಸಿ ಮರೆತಳು.

ಆಪರೇಷನ್ ಆಗಿ ನಲವತ್ತೆಂಟನೆಯ ದಿನ. ದಿನ ಎಣಿಸುತ್ತಿದ್ದವಳು ಭರಮಮ್ಮ. ಮಧ್ಯಾಹ್ನ ಮೂರು ಗಂಟೆ, ಲಲಿತಾ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸುಂಕಿ ಪಕ್ಕದಲ್ಲಿ ಕೂತು, ಧೂಳಿಗೆ ನೀರು ಬೆರೆಸಿ ಉಂಡೆ ಕಟ್ಟಿ, ಒಂದರ ಮೇಲೊಂದು ಇಡುತ್ತಿದ್ದಳು. ಮೂರನೆಯ ಉಂಡೆ ನಿಲ್ಲುತ್ತಿರಲಿಲ್ಲ.

“ಅಪ್ಪನ ಅಂಗಿ ಹಿಂಡತೀನಿ,” ಅನ್ನುತ್ತಿದ್ದಳು ಲಲಿತಾ, ದನಿ ಕೂಡ ಸವೆದಿತ್ತು. “ಕೆಂಪು ನೀರು ಬಂತು. ಇನ್ನೊಮ್ಮೆ ಹಿಂಡತೀನಿ. ಮತ್ತ ಕೆಂಪು ಬಂತು. ಸುಂಕಿ ಉಂಡಿ ಕಟ್ಟಾಕತ್ಯಾಳ. ಉಂಡಿ ಬಿತ್ತು. ಮತ್ತ ಕಟ್ಟಿದ್ಲು. ಮತ್ತ ಬಿತ್ತು. ಈಗ ಅಪ್ಪನ ಪ್ಯಾಂಟು…”

“ಸುಮ್ಕಿರವ್ವ.”

ಲಲಿತಾಳ ಕೈ ಬಕೆಟ್ಟಿನಲ್ಲೇ ನಿಂತಿತು.

ಸುಂಕಿ ಅವಳ ಕಡೆ ನೋಡುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಉಸಿರು ಹಿಡಿದು, ಮೂರನೆಯ ಉಂಡೆಯನ್ನು ಎರಡನೆಯದರ ಮೇಲಿಟ್ಟು ಬೆರಳು ಮೆಲ್ಲಗೆ ತೆಗೆಯುತ್ತಿದ್ದಳು. ಒಳಗಿನಿಂದ ಭರಮಮ್ಮ ಬಾಗಿಲಿಗೆ ಬಂದು ನಿಂತಿದ್ದಳು, ಬಾಯಿ ತೆರೆದಿದ್ದಳು. ಲಲಿತಾ ಸಾಬೂನಿನ ಕೈಯೆತ್ತಿ ಅತ್ತೆಯನ್ನು ಅಲ್ಲೇ ತಡೆದಳು.

ಏನಂದೆವ್ವ, ಇನ್ನೊಮ್ಮೆ ಅನ್ನು. ಆ ಮಾತು ಗಂಟಲಿನ ತನಕ ಬಂದಿತ್ತು. ಅವಳ ಪಾದ ಒದ್ದೆ ನೆಲದ ಮೇಲೆ ಕುಣಿಯುತ್ತಿತ್ತು, ಬಕೆಟ್ಟಿನ ನೀರು ಕೂಡ ಅಲುಗುತ್ತಿತ್ತು. ಮಗಳು ಸುಮ್ಮನಿರು ಅಂದಿದ್ದಳು. ಲಲಿತಾ ತುಟಿ ಬಿಗಿಹಿಡಿದು, ಸುಮ್ಮನೆ ಕೂತಳು.